ಕಾಪು ದೀಪಸ್ತಂಭದ ಬಣ್ಣಕ್ಕೂ ಬೆಳಕಿಗೂ ಕಾರಣವಿದೆ

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಇತ್ತೀಚೆಗೆ ಕಾಪು ಕಡಲತೀರದ ಬಗ್ಗೆ ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. ತೀರದ ಸೊಬಗನ್ನು ಮನಮುಟ್ಟುವಂತೆ ವರ್ಣಿಸಿದ ಲೇಖಕರು ಕೊನೆಯಲ್ಲಿ ಮೂರು ಸಲಹೆಗಳನ್ನು ಕೊಟ್ಟಿದ್ದಾರೆ. ದೀಪಸ್ತಂಭದ ಕಪ್ಪು-ಬಿಳಿ ಪಟ್ಟೆಗಳು ಕಣ್ಣಿಗೆ ನೀರಸವಾಗಿ ಕಾಣುವುದರಿಂದ ಅವನ್ನು ಅಳಿಸಿ ಯಕ್ಷಗಾನದ ಚಿತ್ರಗಳನ್ನು ಬರೆಸಬೇಕು. ರಾತ್ರಿ ಹೊತ್ತು ಗೋಪುರದ ಮೇಲೆ ಬಣ್ಣಬಣ್ಣದ ಬೆಳಕು ಹಾಯಿಸಬೇಕು. ಜಿಪಿಎಸ್ ಬಂದ ಮೇಲೆ ದೀಪಸ್ತಂಭಕ್ಕೆ ಹೆಚ್ಚಿನ ಕೆಲಸ ಉಳಿದಿಲ್ಲವಾದ್ದರಿಂದ ಅದನ್ನು ಪೂರ್ತಿಯಾಗಿ ಪ್ರವಾಸೋದ್ಯಮಕ್ಕೆ ಬಿಟ್ಟುಕೊಡಬೇಕು. ಲೇಖಕರ ಸದಾಶಯದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಈ ಮೂರೂ ಸಲಹೆಗಳು ದೀಪಸ್ತಂಭವನ್ನು ಯಾವ ಲೆಕ್ಕಾಚಾರದಲ್ಲಿ ಕಟ್ಟಿದ್ದಾರೋ ಆ ಲೆಕ್ಕಾಚಾರಕ್ಕೇ ವಿರುದ್ಧವಾಗಿವೆ. ಅದರ ನೆರಳಿನಲ್ಲೇ ಆಡಿ ಬೆಳೆದವನೆಂಬ ಸಲಿಗೆಯಿಂದ, ಅದು ಹಾಗೇಕೆ ಇದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಓದುಗರ ಮುಂದಿಡಲು ಬಯಸುತ್ತೇನೆ.

ಕಾಪುವಿನ ದೀಪಸ್ತಂಭ ಎದ್ದದ್ದು 1901ರಲ್ಲಿ, ಎತ್ತರ 27.12 ಮೀಟರ್, ಅಂದರೆ 89 ಅಡಿ. ಆಗ ಕಾಪುವೂ ಸೇರಿದಂತೆ ನಮ್ಮ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಉತ್ತರ ಕನ್ನಡವು 1862ರಷ್ಟು ಹಿಂದೆಯೇ ಮುಂಬಯಿ ಪ್ರಾಂತ್ಯಕ್ಕೆ ಸೇರಿಹೋಗಿತ್ತು. ಹೀಗೆ ಒಂದೇ ಕರಾವಳಿ ಎರಡು ಸರ್ಕಾರಗಳ ಪಾಲಾಗಿದ್ದರೂ ಕಡಲಿಗೆ ಆ ಗಡಿ ಇರಲಿಲ್ಲ. ಮುಂಬಯಿಯಿಂದ ಮಲಬಾರಿನತ್ತ ಹೋಗುವ ಹಬೆ ಹಡಗುಗಳೂ, ಮಂಗಳೂರಿನ ಹಂಚು, ಕಾಫಿ, ಅಕ್ಕಿ, ಮೆಣಸನ್ನು ತುಂಬಿಕೊಂಡು ದಡದ ಗುರುತು ಹಿಡಿದೇ ಸಾಗುತ್ತಿದ್ದ ಹಾಯಿಕಟ್ಟಿದ ಮಂಜಿಗಳೂ ಇದೇ ನೀರಿನಲ್ಲಿ ಓಡಾಡುತ್ತಿದ್ದವು. ಕಾರವಾರದ ಎದುರಿನ ದೇವಗಡ ದ್ವೀಪದಲ್ಲಿ 1860ರ ದಶಕದಲ್ಲೇ ದೀಪ ಉರಿಯತೊಡಗಿತ್ತು. ಮಂಗಳೂರಿನಲ್ಲಿ ಗುಡ್ಡದ ಮೇಲೆ ಗೋಪುರವಿತ್ತು. ಇಂದು ಲೈಟ್‌ಹೌಸ್ ಹಿಲ್ ಎಂದು ಕರೆಯುವ ಆ ಗುಡ್ಡಕ್ಕೆ ಜನ ಇಟ್ಟ ಹೆಸರು ಬಾವುಟಗುಡ್ಡೆ. ಬೆಳಕಿಗಿಂತ ಮೊದಲು ಬಾವುಟವೇ ಹಡಗುಗಳೊಡನೆ ಮಾತಾಡುತ್ತಿದ್ದ ಕಾಲವೊಂದಿತ್ತೆಂಬುದನ್ನು ಆ ಒಂದು ಹೆಸರು ನೆನಪಿಸುತ್ತದೆ. ಅಲ್ಲಿಯ ಗೋಪುರ ಈಗ ಪೇಟೆಯ ನಡುವೆ, ಉದ್ಯಾನವೊಂದರಲ್ಲಿ, ಬೆಳಕಿಲ್ಲದೆ ನಿಂತಿದೆ. ಕಾಪುವಿನದು ಇಂದಿಗೂ ಉರಿಯುತ್ತಿದೆ.

ಕಾಪುವಿನಲ್ಲಿ ಗುಡ್ಡವಿಲ್ಲ, ಇರುವುದು ನೀರಿನ ಅಂಚಿಗೆ ಚಾಚಿಕೊಂಡ ಕರಿಬಂಡೆ. ಮರಳಿನ ಮೇಲೆ ಇಷ್ಟು ಭಾರದ ಗೋಪುರವನ್ನು ನಿಲ್ಲಿಸಲಾಗದು. ನಿಲ್ಲಿಸಿದರೂ ಇಂದು ಕಡಲ್ಕೊರೆತಕ್ಕೆ ತೆಂಗಿನ ತೋಟಗಳೇ ಕಾಣೆಯಾಗುತ್ತಿರುವ ತೀರದಲ್ಲಿ ಅದು ನೂರು ವರ್ಷ ಬಾಳುತ್ತಿರಲಿಲ್ಲ. ಬಂಡೆಯು ಬುನಾದಿಯ ಖರ್ಚನ್ನೂ ಉಳಿಸಿತು, ಎತ್ತರಕ್ಕೂ ಕೂಡಿಕೊಂಡಿತು. ಗೋಪುರ ದುಂಡಗಿರುವುದು ಅಂದಕ್ಕಾಗಿ ಅಲ್ಲ. ಆಷಾಢದ ಪಡುಗಾಳಿ ಚಪ್ಪಟೆ ಗೋಡೆಯಿದ್ದರೆ ಅದಕ್ಕೆ ನೇರವಾಗಿ ಅಪ್ಪಳಿಸುತ್ತದೆ, ದುಂಡು ಗೋಡೆಯಿದ್ದರೆ ಎರಡೂ ಬದಿಗೆ ಸರಿದುಹೋಗುತ್ತದೆ. ಬುಡ ಅಗಲವಾಗಿ ಮೇಲೆ ಹೋದಂತೆ ಸಣ್ಣಗಾಗುವುದರಿಂದ ಭಾರವೆಲ್ಲ ಕೆಳಗೆ ಕೂರುತ್ತದೆ. ಇಂಗ್ಲೆಂಡಿನ ಎಡ್ಡಿಸ್ಟನ್ ಬಂಡೆಯ ಮೇಲೆ ಜಾನ್ ಸ್ಮೀಟನ್ 1759ರಲ್ಲಿ ಕಟ್ಟಿ ಮುಗಿಸಿದ ಗೋಪುರಕ್ಕೆ ಓಕ್ ಮರದ ಬುಡವೇ ಮಾದರಿಯಾಗಿತ್ತು. ಅಲ್ಲಿಂದ ಮುಂದೆ ಕಲ್ಲಿನ ದೀಪಸ್ತಂಭಗಳೆಲ್ಲ ಹೆಚ್ಚುಕಡಿಮೆ ಆ ರೀತಿಯನ್ನೇ ಅನುಸರಿಸಿದವು. ನಮ್ಮಲ್ಲಿ ಓಕ್ ಇಲ್ಲ. ಆದರೆ ಅಂಗಳದ ಹಳೆಯ ಹಲಸಿನ ಬುಡವನ್ನು ನೋಡಿದವರಿಗೆ ಈ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಎತ್ತರ. ಭೂಮಿ ದುಂಡಗಿರುವುದರಿಂದ ಬೆಳಕು ಎಷ್ಟೇ ಪ್ರಖರವಾಗಿದ್ದರೂ ದಿಗಂತದ ಆಚೆಗೆ ನೇರವಾಗಿ ಕಾಣಿಸದು. ನಾವಿಕರು ಬಳಸುವ ಲೆಕ್ಕ ಸರಳವಾದದ್ದು: ದೀಪದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 2.08ರಿಂದ ಗುಣಿಸಿದರೆ ಅದು ಎಷ್ಟು ನಾಟಿಕಲ್ ಮೈಲಿ ದೂರಕ್ಕೆ ಕಾಣುತ್ತದೆ ಎಂಬುದು ಸಿಗುತ್ತದೆ. ಒಂದು ನಾಟಿಕಲ್ ಮೈಲಿ 1852 ಮೀಟರ್. ಬಂಡೆಯ ಎತ್ತರವನ್ನು ಬಿಟ್ಟು ಗೋಪುರದ 27 ಮೀಟರನ್ನಷ್ಟೇ ಹಿಡಿದರೂ ಇದು ಸುಮಾರು 20 ಕಿಲೋಮೀಟರ್ ಆಗುತ್ತದೆ. ನೋಡುವವನ ಕಣ್ಣು ಎಷ್ಟು ಎತ್ತರದಲ್ಲಿದೆಯೋ ಅದಕ್ಕೂ ಇದೇ ಲೆಕ್ಕ ಹಾಕಿ ಕೂಡಿಸಬೇಕು. ನಾಡದೋಣಿಯಲ್ಲಿ ಕುಳಿತವನ ಕಣ್ಣು ನೀರಿನಿಂದ ಒಂದು ಮೀಟರ್ ಮೇಲಿದ್ದರೆ ಅವನಿಗೆ ದೀಪ ಸುಮಾರು 24 ಕಿಲೋಮೀಟರ್ ದೂರದಿಂದ ಕಾಣಬೇಕು. ನಾಲ್ಕು ಮೀಟರ್ ಎತ್ತರದಲ್ಲಿ ನಿಂತ ಟ್ರಾಲ್ ಬೋಟಿನವನಿಗೆ ಸುಮಾರು 28 ಕಿಲೋಮೀಟರ್‌ನಿಂದ. ಹಾಗಿದ್ದರೆ ಇನ್ನೂ ಎತ್ತರ ಕಟ್ಟಬಹುದಿತ್ತಲ್ಲ ಎಂದು ಕೇಳಬಹುದು. ಲೆಕ್ಕ ವರ್ಗಮೂಲದ್ದಾದ್ದರಿಂದ ಬೆಳಕಿನ ದೂರವನ್ನು ಎರಡು ಪಟ್ಟು ಮಾಡಲು ಎತ್ತರವನ್ನು ನಾಲ್ಕು ಪಟ್ಟು ಮಾಡಬೇಕಾಗುತ್ತದೆ. 27 ಮೀಟರಿನ ಗೋಪುರ ನೂರೆಂಟು ಮೀಟರಿನದಾಗಬೇಕು. ಅದರ ಬದಲು ಇನ್ನೊಂದು ಊರಿನಲ್ಲಿ ಇನ್ನೊಂದು ದೀಪವನ್ನು ಇಡುವುದೇ ಜಾಣತನವೆಂದು ಅಂದಿನ ಎಂಜಿನಿಯರುಗಳು ಕಂಡುಕೊಂಡಿದ್ದರು. ಕರಾವಳಿಯುದ್ದಕ್ಕೂ ದೀಪಸ್ತಂಭಗಳ ಸಾಲು ಇರುವುದು ಇದರಿಂದಲೇ.

ನನಗೆ ಅತ್ಯಂತ ಪ್ರಿಯವಾದದ್ದು ಗೋಪುರದ ನೆತ್ತಿಯಲ್ಲಿರುವ ಗಾಜಿನ ಕೋಣೆಯ ವಿಷಯ. ಬತ್ತಿಯ ದೀಪವಾಗಲಿ ಬಲ್ಬಾಗಲಿ, ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಮೇಲಕ್ಕೂ ಕೆಳಕ್ಕೂ ಹೋಗುವ ಬೆಳಕು ಕಡಲಿನವನಿಗೆ ದಂಡ. ಅದನ್ನು ಒಟ್ಟುಗೂಡಿಸಿ ದಿಗಂತದತ್ತ ತಿರುಗಿಸುವ ಉಪಾಯವನ್ನು ಕಂಡುಕೊಟ್ಟವನು ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್. ದಪ್ಪನೆಯ ಒಂದೇ ಮಸೂರವನ್ನು ಮಾಡುವ ಬದಲು, ಮಸೂರದ ಬಾಗಿದ ಮೈಯನ್ನಷ್ಟೇ ಉಂಗುರ ಉಂಗುರವಾಗಿ ಕತ್ತರಿಸಿ ಜೋಡಿಸಿದರೆ ಗಾಜಿನ ಭಾರವೂ ಇಳಿಯುತ್ತದೆ, ಬೆಳಕು ಸೋರಿಹೋಗುವುದೂ ಕಡಿಮೆಯಾಗುತ್ತದೆ ಎಂದು ಅವನು ತೋರಿಸಿದ. 1823ರಲ್ಲಿ ಫ್ರಾನ್ಸಿನದೇ ಆದ ಕೋರ್ದುವಾನ್ ದೀಪಸ್ತಂಭದಲ್ಲಿ ಅವನ ಮಸೂರ ಮೊದಲ ಬಾರಿಗೆ ಬೆಳಗಿತು. ಹಗಲಿನಲ್ಲಿ ಇಂತಹ ಮಸೂರಕ್ಕೆ ಪರದೆ ಎಳೆಯಬೇಕು. ಒಳಗಿನ ಬೆಳಕನ್ನು ಹೊರಗೆ ಒಂದುಗೂಡಿಸುವ ಗಾಜು ಹೊರಗಿನ ಬಿಸಿಲನ್ನೂ ಒಳಗಿನ ಒಂದೇ ಬಿಂದುವಿನಲ್ಲಿ ಒಂದುಗೂಡಿಸುತ್ತದೆ, ಪರದೆ ಮರೆತರೆ ದೀಪಕ್ಕೆ ಬೆಂಕಿಯೇ ಹೊತ್ತಿಕೊಳ್ಳಬಹುದು. ಕತ್ತಲಾಗುವ ಮೊದಲು ಪರದೆ ತೆಗೆದು, ಗಾಜನ್ನು ಒರೆಸಿ, ಮಸಿ ತೆಗೆದು ದೀಪ ಹಚ್ಚುವುದು ದೀಪಪಾಲಕನ ನಿತ್ಯದ ಕೆಲಸವಾಗಿತ್ತು.

ದೀಪಕ್ಕೆ ಸೀಮೆ ಎಣ್ಣೆ. ಕಾಪುವಿನ ಗೋಪುರ ಎದ್ದ 1901ರಲ್ಲೇ ಆರ್ಥರ್ ಕಿಟ್ಸನ್ ಎಂಬಾತ ಸೀಮೆ ಎಣ್ಣೆಯನ್ನು ಒತ್ತಡದಲ್ಲಿ ಆವಿಯಾಗಿಸಿ, ಆ ಆವಿಯ ಜ್ವಾಲೆಯಿಂದ ಮ್ಯಾಂಟಲ್ ಎಂಬ ಸಣ್ಣ ಜಾಲರಿಯನ್ನು ಕಾಯಿಸಿ ಬೆಳಗಿಸುವ ಬರ್ನರನ್ನು ರೂಪಿಸಿದ. ಹೀಗೆ ಹೇಳಿದರೆ ದೂರದ್ದೆನಿಸಬಹುದು. ಗದ್ದೆಯಲ್ಲಿ ಹಾಕಿದ ರಂಗಸ್ಥಳದ ಬದಿಯಲ್ಲಿ ಗ್ಯಾಸ್‌ಲೈಟ್ ಇಟ್ಟು, ಬೆಳಕು ಇಳಿದಾಗಲೆಲ್ಲ ಒಬ್ಬರು ಎದ್ದುಬಂದು ಪಂಪು ಹೊಡೆಯುತ್ತಿದ್ದ ಕಾಲದ ಬಯಲಾಟವನ್ನು ನೋಡಿದವರಿಗೆ ಆ ಬರ್ನರ್ ಚೆನ್ನಾಗಿಯೇ ಗೊತ್ತು. ಎರಡರ ತತ್ತ್ವವೂ ಒಂದೇ. ವೇಷದ ಕಿರೀಟದ ಮೇಲೆ ಮಿನುಗುತ್ತಿದ್ದ ಆ ಬೆಳ್ಳನೆಯ ಬೆಳಕನ್ನೇ ಮಸೂರದೊಳಗಿಟ್ಟು ಕಡಲಿಗೆ ಕಳುಹಿಸಿದರೆ ದೀಪಸ್ತಂಭವಾಯಿತು. ಲೇಖಕರು ಗೋಪುರಕ್ಕೆ ಯಕ್ಷಗಾನದ ನಂಟು ಕಲ್ಪಿಸಬೇಕೆಂದಿದ್ದಾರಲ್ಲ, ಆ ನಂಟು ಹೀಗೆ ಮೊದಲಿನಿಂದಲೂ ಇದೆ.

ದೀಪ ಮಿಣುಕುತ್ತದೆ ಎಂದು ಬರಹದಲ್ಲಿತ್ತು. ಮಸೂರ ತಿರುಗುವ ದೀಪಸ್ತಂಭಗಳಲ್ಲಿ ದೀಪ ಒಂದೇ ಸಮನೆ ಉರಿಯುತ್ತಿರುತ್ತದೆ. ಸುತ್ತಲಿನ ಮಸೂರವು ತಿರುಗುತ್ತ, ಅದರ ಕಿರಣ ನೋಡುವವನ ಕಣ್ಣನ್ನು ಹಾದುಹೋದ ಕ್ಷಣದಲ್ಲಿ ಮಾತ್ರ ಅವನಿಗೆ ಮಿಂಚು ಕಾಣುತ್ತದೆ. ಟನ್ನುಗಟ್ಟಲೆ ತೂಗುವ ಗಾಜನ್ನು ಸದ್ದಿಲ್ಲದೆ ತಿರುಗಿಸಲು ಅದನ್ನು ಪಾದರಸದ ತೊಟ್ಟಿಯಲ್ಲಿ ತೇಲಿಬಿಡುತ್ತಿದ್ದರು. ಹಾಗೆ ತೇಲುವ ಮಸೂರವನ್ನು ಒಂದು ಬೆರಳಿನಿಂದ ತಳ್ಳಬಹುದಿತ್ತು. ತಿರುಗಿಸುವ ಯಂತ್ರಕ್ಕೆ ವಿದ್ಯುತ್ ಇಲ್ಲದ ಕಾಲದಲ್ಲಿ ಹಳೆಯ ಗೋಡೆ ಗಡಿಯಾರದಂತೆ ತೂಕದ ಗುಂಡೇ ಆಧಾರ. ಗುಂಡು ಗೋಪುರದ ಒಳಗೆ ಮೇಲಿನಿಂದ ನಿಧಾನವಾಗಿ ಇಳಿಯುತ್ತಿತ್ತು, ತಳ ಮುಟ್ಟುವ ಮೊದಲು ದೀಪಪಾಲಕ ಅದನ್ನು ಸುತ್ತಿ ಮೇಲಕ್ಕೇರಿಸಬೇಕಿತ್ತು. ರಾತ್ರಿಯಿಡೀ ಕಣ್ಣು ಮುಚ್ಚುವಂತಿರಲಿಲ್ಲ. ಇಡೀ ಗೋಪುರವೇ ಒಂದು ದೊಡ್ಡ ಗಡಿಯಾರದ ಪೆಟ್ಟಿಗೆಯಾಗಿತ್ತೆಂದರೆ ತಪ್ಪಲ್ಲ.

ಮಿಂಚುಗಳ ನಡುವಿನ ಅಂತರ ಬೇರೆ ಬೇರೆ ದೀಪಸ್ತಂಭಕ್ಕೆ ಬೇರೆ ಬೇರೆ. ಒಂದು ಹತ್ತು ಸೆಕೆಂಡಿಗೊಮ್ಮೆ ಮಿಂಚಿದರೆ, ಇನ್ನೊಂದು ಎರಡು ಸಲ ಒಟ್ಟಿಗೆ ಮಿಂಚಿ ಬಳಿಕ ದೀರ್ಘ ಕತ್ತಲೆ ಬಿಡುತ್ತದೆ. ಅಕ್ಕಪಕ್ಕದ ಎರಡು ದೀಪಗಳಿಗೆ ಒಂದೇ ಲಯ ಬಾರದಂತೆ ನೋಡಿಕೊಳ್ಳುತ್ತಾರೆ. ಈ ಲಯವೇ ದೀಪದ ಹೆಸರು, ಅದನ್ನು ನಾವಿಕರ ನಕ್ಷೆಯಲ್ಲೂ ದೀಪಗಳ ಪಟ್ಟಿಯಲ್ಲೂ ಅಚ್ಚು ಹಾಕಿರುತ್ತಾರೆ. ನಮ್ಮ ಮನೆಯ ತೆಂಗಿನ ತೋಟದ ಆಚೆ ವಾಸವಾಗಿದ್ದ ಮೊಗವೀರ ತಾಂಡೇಲರೊಬ್ಬರು, ಅಂದರೆ ದೋಣಿ ನಡೆಸುವ ಮುಖಂಡರು, ನನಗೆ ಇದನ್ನು ಕಲಿಸಿದ್ದು ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ. ಅಮಾವಾಸ್ಯೆಯ ರಾತ್ರಿ, ಬಲೆ ಒಣಹಾಕುವ ಜಾಗದಲ್ಲಿ ಕುಳಿತಿದ್ದೆವು. ಕಿರಣ ಬಂದಾಗಲೆಲ್ಲ ನಾನು ಬೆರಳು ಮಡಿಸುತ್ತಿದ್ದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿ, "ಬೆಳಕನ್ನು ಎಣಿಸಬೇಡ ಮಗಾ, ಕತ್ತಲನ್ನು ಎಣಿಸು" ಎಂದು ತುಳುವಿನಲ್ಲಿ ಹೇಳಿದರು. ಗಡಿಯಾರ ಕಟ್ಟುವ ರೂಢಿ ಅವರಿಗಿರಲಿಲ್ಲ. ಹುಟ್ಟು ಹಾಕುವ ಲಯದಲ್ಲೇ ಎಣಿಸುತ್ತಿದ್ದರು. ಎಣಿಕೆ ತಪ್ಪಿದರೆ ಅದು ನಮ್ಮ ದೀಪವಲ್ಲ, ದೋಣಿ ಬೇರೆ ಊರಿನ ಎದುರಿಗಿದೆ ಎಂದರ್ಥ.

ಇಷ್ಟು ಹೇಳಿದ ಮೇಲೆ ಲೇಖಕರ ಸಲಹೆಗಳತ್ತ ಬರುತ್ತೇನೆ. ಮೊದಲನೆಯದು ಪಟ್ಟೆಗಳ ವಿಷಯ. ದೀಪಸ್ತಂಭಕ್ಕೆ ರಾತ್ರಿಯ ಕೆಲಸ ಇರುವಂತೆಯೇ ಹಗಲಿನ ಕೆಲಸವೂ ಇದೆ. ಹಗಲಿನಲ್ಲಿ ದಡದಿಂದ ದೂರವಿರುವ ದೋಣಿಗೆ ನಮ್ಮ ತೀರ ಒಂದೇ ಹಸಿರು ಗೆರೆ: ತೆಂಗು, ತೆಂಗು, ಮತ್ತೆ ತೆಂಗು. ಆ ಗೆರೆಯಲ್ಲಿ ಕಾಪು ಯಾವುದು, ಪಡುಬಿದ್ರಿ ಯಾವುದು, ಮಲ್ಪೆ ಯಾವುದು ಎಂದು ಹೇಳುವಂತಿಲ್ಲ. ಬರಿಯ ಬಿಳಿ ಗೋಪುರ ಹಸಿರಿನ ಎದುರು ಎದ್ದು ಕಂಡೀತು, ಆದರೆ ಬೆಳ್ಳನೆಯ ಮೋಡದ ಎದುರು ಕರಗಿಹೋದೀತು. ಬರಿಯ ಕಪ್ಪು ಗೋಪುರ ತೋಪಿನ ನೆರಳಿನಲ್ಲಿ ಮರೆಯಾದೀತು. ಎರಡೂ ಬಣ್ಣದ ಅಗಲವಾದ ಪಟ್ಟೆಗಳಿದ್ದರೆ ಹಿನ್ನೆಲೆ ಯಾವುದೇ ಇರಲಿ, ಒಂದಲ್ಲ ಒಂದು ಪಟ್ಟೆ ಕಣ್ಣಿಗೆ ಬೀಳುತ್ತದೆ. ಇದನ್ನು ಹಗಲುಗುರುತು ಎನ್ನಬಹುದು. ನಾವಿಕರ ಪುಸ್ತಕಗಳಲ್ಲಿ ದೀಪದ ಲಯದ ಜೊತೆಗೆ ಗೋಪುರದ ಆಕಾರ ಮತ್ತು ಬಣ್ಣವನ್ನೂ ಬರೆದಿರುವುದು ಇದಕ್ಕಾಗಿಯೇ. ಅದರ ಮೇಲೆ ಬಡಗುತಿಟ್ಟಿನ ಮುಂಡಾಸನ್ನೋ ತೆಂಕುತಿಟ್ಟಿನ ಕಿರೀಟವನ್ನೋ ಎಷ್ಟೇ ಚೆನ್ನಾಗಿ ಚಿತ್ರಿಸಿದರೂ ಹತ್ತು ಕಿಲೋಮೀಟರ್ ದೂರದಿಂದ ಅದು ಬೂದುಬಣ್ಣದ ಮಚ್ಚೆಯಾಗಿ ಕಾಣುತ್ತದೆ. ಯಕ್ಷಗಾನದ ಚಿತ್ರಗಳಿಗೆ ತೀರದಲ್ಲಿ ಬೇರೆ ಗೋಡೆಗಳು ಬೇಕಾದಷ್ಟಿವೆ.

ಬಣ್ಣದ ಬೆಳಕಿನ ಸಲಹೆ ಇದಕ್ಕಿಂತ ಹೆಚ್ಚು ಕಳವಳದ್ದು. ಕಡಲಿನಲ್ಲಿ ಬಣ್ಣಕ್ಕೆ ಅರ್ಥವಿದೆ. ಭಾರತವೂ ಸೇರಿದಂತೆ ಪ್ರಪಂಚದ ಬಹುಪಾಲು ದೇಶಗಳಲ್ಲಿ, ಬಂದರನ್ನು ಪ್ರವೇಶಿಸುವಾಗ ದಾರಿಯ ಎಡಗಡೆಗೆ ಕೆಂಪು ಗುರುತು, ಬಲಗಡೆಗೆ ಹಸಿರು ಗುರುತು ಎಂಬುದು ನಿಯಮ. ಅಮೆರಿಕ ಖಂಡಗಳು, ಜಪಾನ್, ಕೊರಿಯಾ, ಫಿಲಿಪೀನ್ಸ್‌ಗಳಲ್ಲಿ ಅದು ತಿರುಗುಮುರುಗು. ಬಂಡೆಯ ಮೇಲೆ ನಿಂತ ಗೋಪುರ ಐದು ನಿಮಿಷ ಕೆಂಪಾಗಿ, ಐದು ನಿಮಿಷ ಹಸಿರಾಗಿ ಬೆಳಗಿದರೆ, ಅಳಿವೆಯ ಬಾಯಿಯನ್ನು ಹುಡುಕುತ್ತಿರುವ ದೋಣಿಯವನು ಅದನ್ನು ಏನೆಂದು ಓದಿಕೊಳ್ಳಬೇಕು? ತೀರದ ದೀಪಗಳು ಬರಿಯ ಬಿಳಿಯಾಗಿದ್ದರೂ ತೊಂದರೆ ತಪ್ಪಿದ್ದಲ್ಲ. ದೀಪಸ್ತಂಭದ ಮಿಂಚು ಗುರುತಾಗಬೇಕಾದರೆ ಅದರ ಸುತ್ತ ಕತ್ತಲಿರಬೇಕು. ಎತ್ತರದ ಕಂಬಗಳ ಮೇಲಿನ ಎಲ್‌ಇಡಿ ಗೊಂಚಲುಗಳು ಕಡಲಿನತ್ತ ಮುಖ ಮಾಡಿ ಉರಿಯುವ ಕಡೆಗಳಲ್ಲೆಲ್ಲ, ದೀಪ ಯಾವುದು, ಹೋಟೆಲಿನ ಬೆಳಕು ಯಾವುದು ಎಂದು ಹುಡುಕಬೇಕಾಗುತ್ತದೆ ಎಂದು ಮೀನುಗಾರರು ನನ್ನೊಡನೆ ಹಲವು ಬಾರಿ ಹೇಳಿದ್ದಾರೆ. ಪ್ರವಾಸಿಗರಿಗೆ ಬೆಳಕು ಬೇಡವೆಂದು ನಾನು ಹೇಳುವುದಿಲ್ಲ. ಮೆಟ್ಟಿಲಿಗೂ ಕಾಲುದಾರಿಗೂ ಬೆಳಕು ಬೇಕೇಬೇಕು. ಆ ದೀಪಗಳಿಗೆ ಟೊಪ್ಪಿಗೆಯಂತಹ ಮರೆ ಕಟ್ಟಿ ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮಾಡಿದರೆ ಇಬ್ಬರಿಗೂ ಅನುಕೂಲ, ಖರ್ಚೂ ಹೆಚ್ಚಲ್ಲ.

ಜಿಪಿಎಸ್ ಇರುವಾಗ ದೀಪವೇಕೆ ಎಂಬ ಪ್ರಶ್ನೆ ಸಹಜವಾದದ್ದೇ. ದೊಡ್ಡ ಹಡಗುಗಳು ಇಂದು ದೀಪವನ್ನೇ ನಂಬಿ ಸಾಗುವುದಿಲ್ಲವೆಂಬುದು ನಿಜ. ಆದರೆ ಜಿಪಿಎಸ್ ಸಂಕೇತ ಬಹಳ ದುರ್ಬಲವಾದದ್ದು, ಅದನ್ನು ಅಡ್ಡಿಪಡಿಸುವುದೂ ಸುಳ್ಳು ಸಂಕೇತದಿಂದ ದಾರಿ ತಪ್ಪಿಸುವುದೂ ಸಾಧ್ಯ. ಹಾಗಾಗಿಯೇ ಪರದೆಯ ಮೇಲೆ ಕಂಡದ್ದನ್ನು ಕಣ್ಣಿನಿಂದ ಸರಿನೋಡಬೇಕೆಂಬ ಪಾಠ ನಾವಿಕರಿಗೆ ಇಂದಿಗೂ ಇದೆ. ನಮ್ಮ ಕರಾವಳಿಯ ಮಟ್ಟಿಗಂತೂ ಇನ್ನೊಂದು ಕಾರಣವುಂಟು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರೀಕೃತ ಬೋಟುಗಳು ದಡದಲ್ಲಿರುತ್ತವೆ. ಆ ಅವಧಿಯಲ್ಲಿ ಕಡಲಿಗಿಳಿಯುವುದು ನಾಡದೋಣಿಗಳು ಮಾತ್ರ. ವರ್ಷದಲ್ಲೇ ಅತ್ಯಂತ ಒರಟಾದ ಕಡಲಿಗೆ ಅತ್ಯಂತ ಕಡಿಮೆ ಸಲಕರಣೆಯವರು ಇಳಿಯುತ್ತಾರೆ ಎಂದಾಯಿತು. ಅವರ ಬಳಿ ಇರುವ ಮೊಬೈಲು ಪ್ಲಾಸ್ಟಿಕ್ ತೊಟ್ಟೆಯೊಳಗೆ, ಅಂಗಿಯ ಒಳಗೆ ಇರುತ್ತದೆ. ಮಳೆ ಸುರಿಯುವಾಗ ಒದ್ದೆ ಬೆರಳಿಗೆ ಅದರ ಪರದೆ ಓಗೊಡುವುದಿಲ್ಲ. ತಲೆ ಎತ್ತಿ ನೋಡಿದರೆ ಕಾಣುವ ದೀಪಕ್ಕೆ ಬ್ಯಾಟರಿ ಮುಗಿಯುವ ಭಯವೂ ಇಲ್ಲ.

ಹಾಗೆಂದು ದೀಪಸ್ತಂಭವನ್ನು ಬೀಗ ಹಾಕಿ ಇಡಬೇಕೆಂಬುದು ನನ್ನ ವಾದವಲ್ಲ. 1927ರ ಲೈಟ್‌ಹೌಸ್ ಕಾಯ್ದೆಯ ಬದಲಿಗೆ 2021ರಲ್ಲಿ ಬಂದ ಹೊಸ ಕಾಯ್ದೆಯಲ್ಲಿ ಪಾರಂಪರಿಕ ದೀಪಸ್ತಂಭಗಳನ್ನು ಗುರುತಿಸಿ, ನೌಕಾಯಾನದ ಕೆಲಸದ ಜೊತೆಗೇ ಶಿಕ್ಷಣಕ್ಕೂ ಸಂಸ್ಕೃತಿಗೂ ಪ್ರವಾಸಕ್ಕೂ ಬಳಸಲು ಅವಕಾಶ ಮಾಡಿಕೊಟ್ಟಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಗೋವಾದ ಅಗುವಾಡ ಕೋಟೆಯಲ್ಲಿ ಮೊದಲ ದೀಪಸ್ತಂಭ ಉತ್ಸವವೂ ನಡೆಯಿತು. ಶಿಕ್ಷಣವೆಂಬ ಮಾತು ಕಾಯ್ದೆಯಲ್ಲಿದ್ದರೂ ಸ್ಥಳದಲ್ಲಿ ಅದರ ಸುಳಿವು ಸಿಗುವುದು ಕಷ್ಟ. ಕಳೆದ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಕರಾವಳಿಯ ಒಂದು ದೀಪಸ್ತಂಭಕ್ಕೆ ಹೋಗಿದ್ದೆ. ಸುತ್ತು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಮೇಲೆ ತಲುಪಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಜ್ಜಾ, ಇದು ಎಷ್ಟು ಹೊತ್ತಿಗೊಮ್ಮೆ ಮಿಂಚುತ್ತದೆ?" ಅಲ್ಲಿ ಟಿಕೆಟಿನ ದರದ ಫಲಕವಿತ್ತು, ಕಸ ಹಾಕಬಾರದೆಂಬ ಫಲಕವಿತ್ತು, ಸೆಲ್ಫಿ ತೆಗೆಯುವವರಿಗೆ ಎಚ್ಚರಿಕೆಯ ಫಲಕವಿತ್ತು. ದೀಪದ ಬಗ್ಗೆ ಕನ್ನಡದಲ್ಲಿ ಒಂದು ಸಾಲೂ ಇರಲಿಲ್ಲ.

ಆದ್ದರಿಂದ ಸಂಬಂಧಪಟ್ಟವರಲ್ಲಿ ತಮ್ಮ ಪತ್ರಿಕೆಯ ಮೂಲಕ ನನ್ನ ವಿನಂತಿ ಇಷ್ಟೇ. ಕಾಪುವಿನ ಗೋಪುರದ ಪಟ್ಟೆಗಳನ್ನು ಹಾಗೆಯೇ ಉಳಿಸಿ, ಬಣ್ಣ ಮಾಸಿದಾಗ ಅದೇ ಬಣ್ಣವನ್ನು ಬಳಿಯಲಿ. ಕಡಲಿನತ್ತ ಮುಖ ಮಾಡಿದ ತೀರದ ದೀಪಗಳಿಗೆ ಮರೆ ಕಟ್ಟಲಿ. ಬಂಡೆಯ ಮೆಟ್ಟಿಲಿನ ಬುಡದಲ್ಲಿ, ಹತ್ತುವವರು ಉಸಿರು ಸುಧಾರಿಸಿಕೊಳ್ಳಲು ನಿಲ್ಲುವ ಜಾಗದಲ್ಲಿ, ಕನ್ನಡದ ಒಂದು ಫಲಕವಿರಲಿ. ಗೋಪುರ ಎದ್ದ ವರ್ಷ, ಅದರ ಎತ್ತರ, ದೀಪದ ಲಯ, ಎಷ್ಟು ದೂರಕ್ಕೆ ಕಾಣುತ್ತದೆ, ಪಟ್ಟೆಗಳೇಕೆ ಇವೆ ಎಂಬಿಷ್ಟು ಅದರಲ್ಲಿದ್ದರೆ ಸಾಕು. ಅದರ ಒಕ್ಕಣೆಯನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ, ಮೊಮ್ಮಗಳೂ ಜೊತೆಗಿದ್ದಾಳೆ. ನಾವಿಬ್ಬರೂ ಆ ಸಂಜೆ ಕೆಳಗಿಳಿದು ಮರಳಿನ ಮೇಲೆ ಕುಳಿತು, ದೀಪ ಹೊತ್ತುವವರೆಗೂ ಕಾದು, ಕತ್ತಲನ್ನು ಎಣಿಸಿಯೇ ಮನೆಗೆ ಹೋದೆವು.

ಇತಿ ತಮ್ಮ ವಿಶ್ವಾಸಿ,
ಕಾಪುವಿನ ಓದುಗ, ನಿವೃತ್ತ ಶಿಕ್ಷಕ